ಕಾರ್ಮಿನಳ ಕೆಮ್ಮು

೧೪ ನವೆಂಬರ್ ೧೯೬೨, ಬುಧವಾರ

ಆ ಕೆಮ್ಮು ಕಿವಿಯಿಂದ ಹೋಗುತ್ತಿಲ್ಲ.

ಹೆಂಚಿನ ಕಾರ್ಖಾನೆಯ ಪ್ರೆಸ್ಸಿಗೆ ಸಿಕ್ಕಿದ ನನ್ನ ಬಲಗೈ ಮಡಚುತ್ತದೆ, ಆದರೆ ಬೆರಳುಗಳಿಗೆ ಸ್ಪರ್ಶವೇ ಇಲ್ಲ. ಮಡಚುವ ಕೈಗೆ ಪರಿಹಾರವಿಲ್ಲ ಎಂದರು ವಿಮೆಯವರು. ಮುಟ್ಟಿಯಾದರೂ ನೋಡಿದ್ದರೇ? ಅದರ ಮೇಲೆ ಇವತ್ತು ಕೋರ್ಟಿನಲ್ಲಿ ನಮ್ಮ ಅಪೀಲು. ಫ್ಯಾನಿನ ನೆರಳು ಗೋಡೆಯಲ್ಲಿ ಮೆಲ್ಲಗೆ ಈಜುತ್ತಿತ್ತು. ನಾನೂ ಅದರ ಜೊತೆ ಎಲ್ಲಿಗೋ ತೇಲಿದ್ದೆ.

ಸಾಕ್ಷಿಗೆ ನಿಂತ ನನ್ನ ಹೆಂಡತಿಯನ್ನು ವಿಮೆಯ ವಕೀಲರು ಕೇಳಿದರು, "ನಿಮ್ಮ ಗಂಡನಿಗೆ ಆ ಕೈಯಲ್ಲಿ ಎಂತ ಆಗುದಿಲ್ಲ?"

ಕಾರ್ಮಿನ್ ಸೆರಗು ಸರಿಮಾಡಿಕೊಂಡಳು. "ಜಪಮಾಲೆಯ ಮಣಿ ಸಿಕ್ಕುದಿಲ್ಲ ಸ್ವಾಮಿ. ಹತ್ತು ಮಣಿ ಆದ್ರೆ ಪ್ರಾರ್ಥನೆ ಬದಲಾಗ್ಬೇಕು, ಹತ್ತು ಆದದ್ದು ಇವರಿಗೆ ಗೊತ್ತೇ ಆಗುದಿಲ್ಲ. ಮಕ್ಕಳ ಎದುರು ನಾಚಿಕೆ ಆಗ್ಬಾರದು ಅಂತ ಆಗ ನಾನು ಕೆಮ್ಮುದು."

ಎರಡು ವರ್ಷದಿಂದ ಆ ಕೆಮ್ಮಿಗೆ ನಾನು ಶುಂಠಿ ಕಷಾಯ ಮಾಡಿಕೊಡುತ್ತಿದ್ದೇನೆ. ಒಂದು ದಿನವೂ ಬೇಡ ಎನ್ನದೆ ಕುಡಿದಿದ್ದಾಳೆ!

ತೀರ್ಪು ಮುಂದಿನ ತಿಂಗಳಂತೆ. ಇವತ್ತು ರಾತ್ರಿ ಮನೆಯ ಪ್ರಾರ್ಥನೆಯಲ್ಲಿ ಕಣ್ಣು ಮುಚ್ಚಿ ಕಾದೆ. ಹತ್ತು ದಾಟಿರಬೇಕು. ಅವಳು ಕೆಮ್ಮಲಿಲ್ಲ. ಮಕ್ಕಳ ಎದುರೇ ನನ್ನ ಹೆಬ್ಬೆರಳು ಹಿಡಿದು ಮುಂದಿನ ಮಣಿಯ ಮೇಲೆ ಇಟ್ಟಳು. ಅವಳ ಕೈ ಬೆಚ್ಚಗಿದ್ದಿರಬೇಕು. ಈ ಬೆರಳಿಗೆ ಅದು ಗೊತ್ತಾಗಲಿಲ್ಲ.