ನಾಲ್ಕನೇ ಮಂಚದ ಕಾಲ್ದೆಸೆಯಲ್ಲಿ

ಜಂದೂಬಾ ಆಸ್ಪತ್ರೆ
ಫೆಬ್ರವರಿ 24, ಮಂಗಳವಾರ

ಕಣ್ಮಣಿ ರಿಹಾಬ್,

ನಿನ್ನ ನರ್ಸ್ ಸಲ್ವಾ ಚಿಕ್ಕಮ್ಮನ ಮುತ್ತುಗಳು. ನಿನ್ನ ಫೋನು ಬಾಯಿ ಬಿಡುತ್ತಿಲ್ಲ. ಅದಕ್ಕೇ ನಿಮ್ಮ ಬೆಟ್ಟದೂರಿಗೆ ವ್ಯಾನು ಓಡಿಸುವ ಹಮ್ಮಾದಿಯ ಕೈಯಲ್ಲಿ ಈ ಕಾಗದ ಕಳಿಸುತ್ತಿದ್ದೇನೆ. ದಾರಿಯಲ್ಲಿ ಬಿಚ್ಚಿದರೆ ಬಿಚ್ಚಲಿ, ಅವನಿಗೆ ಓದು ಬರುವುದಿಲ್ಲ.

ಮಕ್ಕಳ ವಾರ್ಡಿನಲ್ಲಿ ಎಲ್ಲರೂ ಕ್ಷೇಮ. ಹದಿನೇಳು ವರ್ಷ ನೀನು ಮಲಗಿ ರಕ್ತ ಹಾಕಿಸಿಕೊಂಡ ನಾಲ್ಕನೇ ಮಂಚ ಈಗ ಎಯಾಳದು. ಆರು ವರ್ಷ, ಕಾಯಿಲೆ ನಿನ್ನದೇ, ನಾಲಿಗೆ ನಿನಗಿಂತ ಉದ್ದ. ನಿನಗೆ ಹದಿನೆಂಟು ತುಂಬಿ, ಡಿಸೆಂಬರಿನಲ್ಲಿ ಅಂಗಳದಾಚೆಯ ದೊಡ್ಡವರ ವಾರ್ಡಿಗೆ ಕಳಿಸಿಕೊಟ್ಟ ಮೇಲೆ ಬಂದವಳು. ನಿನ್ನನ್ನು ನೋಡಿಲ್ಲ.

ನೋಡಿಲ್ಲ ಎಂದುಕೊಂಡಿದ್ದೆ.

ಜನವರಿಯಲ್ಲಿ ಅವಳಿಗೆ ಸೂಜಿ ಚುಚ್ಚುತ್ತ ಎಂದಿನ ಪದ ಹೇಳಿದೆ: ಅಳುವವರಿಗೆ ಅಂಜೂರ, ನಗುವವರಿಗೆ ಖರ್ಜೂರ. ಎಯಾ ತಟ್ಟನೆ ಮುಗಿಸಿದಳು: ಸುಮ್ಮನಿದ್ದವರಿಗೆ ಬರೀ ನೀರ. ಅದು ನೀನು ನನ್ನನ್ನು ಕೆಣಕಲು ಕಟ್ಟಿದ ಸಾಲು. ನಮ್ಮಿಬ್ಬರ ಕಿವಿ ದಾಟಿದ್ದಲ್ಲ.

ಯಾರೇ ಹೇಳಿಕೊಟ್ಟದ್ದು ಎಂದೆ.

"ಆ ಅಕ್ಕ. ನಾನ್ ಬಂದಾಗೆಲ್ಲ ಬಂದು ನನ್ ಕಾಲ್ ಹತ್ರ ಕೂತ್ಕೋತಾಳಲ್ಲ. ನಿಂಗೇನು ಕಣ್ ಕಾಣ್ಸಲ್ವಾ ಚಿಕ್ಕಮ್ಮ?"

ಕೂತು ಏನು ಮಾಡುತ್ತಾಳೆ ಎಂದೆ.

"ಏನಿಲ್ಲ. ನಿನ್ ಬೀರು ನೋಡ್ತಿರ್ತಾಳೆ."

ಮಕ್ಕಳ ಮಾತು, ಮಂಪರಿನ ಕನಸು ಎಂದು ನಕ್ಕು ಸುಮ್ಮನಾದೆ. ಆದರೆ ಇವತ್ತು ಎಯಾ ಕಾಲು ಮುದುರಿಕೊಂಡು ಮಲಗಿದ್ದಳು. ಯಾಕೆ ಎಂದರೆ, "ಅಕ್ಕಂಗೆ ಕೂರಕ್ಕಾಗ್ತಿಲ್ಲ, ಮಲಗಿದಾಳೆ. ತುಟಿ ಗೋಡೆ ಥರ ಬೆಳ್ಳಗಾಗಿದೆ. ಮೆಲ್ಲಗೆ ಮಾತಾಡು."

ಕೂಡಲೇ ಅಂಗಳ ದಾಟಿ ಓಡಿದೆ. ಅಲ್ಲಿನ ಗುಮಾಸ್ತ ಪುಸ್ತಕವೆಲ್ಲ ತಿರುವಿ ಹಾಕಿದ. "ರಿಹಾಬಾ? ಡಿಸೆಂಬರಲ್ಲಿ ಒಂದ್ಸಲ ಬಂದಿದ್ಲು. ಫೈಲಿಲ್ದೆ ರಕ್ತ ಕೊಡಕ್ಕಾಗಲ್ಲ ತಾಯಿ, ಫೈಲ್ ತಗೊಂಡು ಬಾ ಅಂದೆ. ಮತ್ತೆ ಮುಖ ತೋರಿಸ್ಲಿಲ್ಲ" ಎಂದ. ಫೈಲು ಎಲ್ಲಿ ಹೋಯಿತೋ ಎಂದು ನಾನೂ ತಲೆಯಾಡಿಸಿದೆ.

ರಕ್ತವಿಲ್ಲದೆ ಹನ್ನೆರಡು ವಾರ, ರಿಹಾಬ್. ನಾಲ್ಕು ವಾರ ದಾಟಿದರೆ ನಿನಗೆ ಮೆಟ್ಟಿಲು ಹತ್ತಲಾಗುವುದಿಲ್ಲ.

ಬೈಯಲು ಬರೆಯುತ್ತಿಲ್ಲ. ನಾಳೆ ಅಮ್ಮನನ್ನು ಕರೆದುಕೊಂಡು ಹಮ್ಮಾದಿಯ ಮೊದಲ ವ್ಯಾನು ಹತ್ತು. ಎಂಟು ಗಂಟೆಗೆ ದೊಡ್ಡವರ ವಾರ್ಡಿನ ಬಾಗಿಲಲ್ಲಿ ನಿಂತಿರುತ್ತೇನೆ. ನಡೆಯಲಾಗದಿದ್ದರೆ ಹಮ್ಮಾದಿ ಹೊತ್ತು ತರಲಿ, ಕುರಿ ಹೊತ್ತ ಹೆಗಲು ಅವನದು. ಈ ಸಲ ಮಾತ್ರ ಮೈಸಮೇತ ಬಾ.

ಸುಮ್ಮನಿದ್ದು, ಈಗ ಬರೀ ನೀರು ಕುಡಿಯುತ್ತಿರುವ
ನಿನ್ನ ಸಲ್ವಾ ಚಿಕ್ಕಮ್ಮ

ತಾ.ಕ.: ಅಂದು ನೀನು ಫೈಲು ಕೇಳಿಕೊಂಡು ಬಂದಾಗ, ಆಗಲೇ ಕಳಿಸಿದ್ದೇನೆ ಎಂದೆನಲ್ಲ, ಕಳಿಸಿರಲಿಲ್ಲ. ದೊಡ್ಡವರ ವಾರ್ಡಿನವರು ನಿನ್ನನ್ನು ಹಿಂದಕ್ಕೆ ಕಳಿಸಿದರೆ ನನ್ನ ಹತ್ತಿರವೇ ಬರುತ್ತೀಯೆಂದು ಬೀರುವಿನಲ್ಲಿ, ಟವೆಲುಗಳ ಅಡಿಯಲ್ಲಿ ಇಟ್ಟುಕೊಂಡಿದ್ದೆ. ಈಗಷ್ಟೇ ಹೊರಗೆ ತೆಗೆದೆ. ಬೆನ್ನ ಹಿಂದೆ ಎಯಾ ಕಾಲು ಚಾಚಿಕೊಂಡು, "ಅಕ್ಕ ಎದ್ದು ಹೋದ್ಲು" ಎಂದಳು. ಯಾವ ಕಡೆಗೆ ಎಂದು ಕೇಳುವ ಧೈರ್ಯ ನನಗಾಗಲಿಲ್ಲ.