ಕಾರ್ಯದರ್ಶಿ ಇಲ್ಲದ ದಿನ

ಗೌರಕ್ಕ,

ಬೈಯುವುದಿದ್ದರೆ ಪೂರ್ತಿ ಓದಿದ ಮೇಲೆ ಬೈ. ಬದುಕಿದ್ದಾಗ ನನಗೆ ಒಂದು ಮಾತನ್ನೂ ಮುಗಿಸಲು ಬಿಟ್ಟವಳಲ್ಲ ನೀನು. ಈಗ ಎರಡು ವರ್ಷದಿಂದ ಸುಮ್ಮನಿದ್ದೀಯ, ಅದಕ್ಕೇ ನನಗೆ ಇಷ್ಟು ಧೈರ್ಯ.

ನಾನು ಹಾಲಿನ ಸಂಘಕ್ಕೆ ಸೇರಿದ ಮೊದಲ ದಿನ ನೆನಪಿದೆಯಾ? ನೀನು ಕಾರ್ಯದರ್ಶಿ, ನಾನು ಹಾಲು ಪರೀಕ್ಷೆ ಮಾಡುವವಳು. ಹುಲಿಕುಂಟೆ ಹೋಬಳಿಯಲ್ಲಿ ಹೆಂಗಸರೇ ನಡೆಸುವ ಸಂಘ ಎಂದು ನನಗೋ ನೆಲದ ಮೇಲೆ ಕಾಲೇ ನಿಲ್ಲುತ್ತಿರಲಿಲ್ಲ. ಅವತ್ತೇ ಕರೆಂಟು ಹೋಯಿತು. ನೀನು ಜನರೇಟರ್ ಪಕ್ಕ ಕುಕ್ಕರಗಾಲಲ್ಲಿ ಕೂತು, ಏನೋ ಎಳೆದು, ಏನೋ ತಿರುಗಿಸಿ, ಕಲ್ಲಲ್ಲಿ ಎರಡು ಸಲ ಕುಟ್ಟಿ ಅದನ್ನು ಶುರು ಮಾಡಿದೆ. "ಅಕ್ಕ, ಹೆಂಗೆ ಅಂತ ಬರ್ಕೊಳ್ಲಾ?" ಎಂದೆ. "ಬರ್ಕೊಂಡು ಏನ್ ಮಾಡೀಯೇ? ನನ್ ತಲೆ ಐತಲ್ಲ," ಎಂದೆ ನೀನು. ಲಾರಿ ಡ್ರೈವರ್ ನಂಬರು, ಕೀಲಿ ಇಡುವ ಜಾಗ, ಲಾರಿ ಬರದಿದ್ದರೆ ಯಾರನ್ನು ಕರೆಯಬೇಕು ಎಂಬುದು, ಎಲ್ಲವೂ ಆ ತಲೆಯಲ್ಲಿ.

ಆ ತಲೆ ಒಂದು ಬೆಳಗ್ಗೆ ಒಲೆ ಮುಂದೆ ಒರಗಿಬಿಟ್ಟಿತು. ನಿನ್ನನ್ನು ಅಂಗಳದಲ್ಲಿ ಮಲಗಿಸಿದ್ದರು. ನಾನು ಅಳಬೇಕಾಗಿತ್ತು. ಆದರೆ ಹಸುವಿಗೆ ಸೂತಕ ಇರುತ್ತದೆಯೇ? ಹೆಂಗಸರು ಕಣ್ಣೊರೆಸಿಕೊಳ್ಳುತ್ತಲೇ ಹಾಲು ತಂದು ಸುರಿದರು. ಕರೆಂಟು ಹೋಯಿತು. ನಾನು ಎಳೆದೆ, ತಿರುಗಿಸಿದೆ, ಕಲ್ಲಲ್ಲಿ ಕುಟ್ಟಿದೆ, ಕೈಯಲ್ಲಿ ರಕ್ತ ಬಂತು. ಲಾರಿಗೆ ಫೋನ್ ಮಾಡೋಣವೆಂದರೆ ನಂಬರು ನಿನ್ನ ಜೊತೆಯಲ್ಲೇ ಹೊರಟಿತ್ತು. ಮಧ್ಯಾಹ್ನದ ಹೊತ್ತಿಗೆ ಹಾಲೆಲ್ಲ ಒಡೆದುಹೋಯಿತು, ಚರಂಡಿಗೆ ಚೆಲ್ಲಿದೆವು. ನಿನ್ನನ್ನು ಮಣ್ಣಿಗಿಡುವಾಗ ನನಗೆ ದುಃಖಕ್ಕಿಂತ ಸಿಟ್ಟೇ ಹೆಚ್ಚಾಗಿತ್ತು, ಸುಳ್ಳು ಹೇಳುವುದಿಲ್ಲ.

ಅದಾದ ವಾರಕ್ಕೆ ಪಕ್ಕದೂರಿನ ಸಂಘದ ಅಧ್ಯಕ್ಷರು ಬಿಳಿ ಪಂಚೆಯಲ್ಲಿ ಬಂದರು. "ಹೆಂಗಸ್ರ ಸಂಘ ಅಂದ್ರೆ ಇಷ್ಟೇ ಕಣಮ್ಮ. ನಮ್ಮಲ್ಲಿ ಸೇರ್ಕೊಂಡ್ಬುಡಿ," ಎಂದರು. ನಮ್ಮವರಲ್ಲೂ ಅರ್ಧ ಜನ ತಲೆಯಾಡಿಸಿದರು. ಇನ್ನೊಂದೇ ಒಂದು ಹೊತ್ತಿನ ಹಾಲು ಚೆಲ್ಲಿದರೂ ನಮ್ಮ ಸಂಘ ಮುಚ್ಚಿ ಅವರ ಜೊತೆ ಸೇರುವುದು ಎಂದು ಸಭೆಯಲ್ಲಿ ಠರಾವಾಯಿತು. ನೀನು ಹದಿನೆಂಟು ವರ್ಷ ಕಟ್ಟಿದ್ದು ಒಂದು ಹೊತ್ತಿನ ಹಾಲಿನ ಮೇಲೆ ನಿಂತಿತು. ಆಗಲಿ ನೋಡೋಣ ಎಂದುಕೊಂಡೆ.

ನಿನ್ನ ಜಾಗಕ್ಕೆ ನನ್ನನ್ನೇ ಕಾರ್ಯದರ್ಶಿ ಮಾಡಿದ್ದರು. ಗೋಡೆಗೆ ಸುಣ್ಣ ಬಳಿಸಿ, ನೀಲಿ ಬಣ್ಣದಲ್ಲಿ ನಾನೇ ಬರೆಯಲು ನಿಂತೆ. ಮೇಲೆ ದಪ್ಪಕ್ಷರದಲ್ಲಿ ನನ್ನದೇ ಹೆಸರು, 'ನಾಗಮಣಿ ಇಲ್ಲದ ದಿನ'. ಕೆಳಗೆ ಕರೆಂಟು ಹೋದರೆ ಏನು, ಲಾರಿ ಬರದಿದ್ದರೆ ಏನು, ಕೋಣೆಗೆ ನೀರು ನುಗ್ಗಿದರೆ ಎಲ್ಲಿ ಸೇರಬೇಕು. ನಮ್ಮ ಅಧ್ಯಕ್ಷೆ ತಿಮ್ಮಕ್ಕ ಸೊಂಟದ ಮೇಲೆ ಕೈಯಿಟ್ಟು ನೋಡಿದಳು. "ಇದೇನೇ, ಸಾಯಾಕ್ ಮುಂಚೇನೇ ತಿಥಿ ಮಾಡ್ಕೊಂಡಂಗೈತೆ. ಅದೂ ಅಲ್ದೆ ನಂಗೆ ಓದಾಕ್ ಬರಲ್ಲ, ಯಾರಿಗ್ ಬರ್ದೆ ಇದ್ನ?" ಎಂದಳು. ಮುಖಕ್ಕೆ ಹೊಡೆದ ಹಾಗಾಯಿತು. ನಮ್ಮಲ್ಲಿ ಓದು ಬರದವರೇ ಹೆಚ್ಚು ಎಂಬುದು ನನ್ನ ಬುದ್ಧಿಗೆ ಹೊಳೆದೇ ಇರಲಿಲ್ಲವಲ್ಲ...

ತಿಮ್ಮಕ್ಕನೇ ದಾರಿ ತೋರಿಸಿದಳು. ನಾನು ಗೋಡೆ ಓದಿ ಹೇಳಿದ್ದನ್ನೆಲ್ಲ ಅವಳು ಪದ ಕಟ್ಟಿದಳು. "ಕರೆಂಟು ಹೋದ್ರೆ ಕಾಯಬ್ಯಾಡ್ರವ್ವ ಸುವ್ವಿ, ಕ್ಯಾನಿಗೆ ಒದ್ದೆ ಗೋಣಿ ಸುತ್ರವ್ವ ಸುವ್ವಾಲೆ." ಲಾರಿ ಬರದಿದ್ದರೆ ಹಾಲನ್ನು ಶಿರಾದ ಡೈರಿಗೆ ಒಯ್ಯಬೇಕಾದ ಆಟೋದವನ ನಂಬರಿನ ಹತ್ತು ಅಂಕಿಯನ್ನೂ ರಾಗಕ್ಕೆ ಕೂರಿಸಿದಳು. ತಿಂಗಳಿಗೊಂದು ದಿನ ನಾನು ಹೇಳದೆ ಕೇಳದೆ ಮೇನ್ ಸ್ವಿಚ್ ಆರಿಸಿ, ಮೂಲೆಯಲ್ಲಿ ಬಾಯಿ ಮುಚ್ಚಿಕೊಂಡು ಕೂರುತ್ತಿದ್ದೆ. ಅವರು ನನ್ನನ್ನು ಶಪಿಸುತ್ತಾ, ಹಾಡುತ್ತಾ ಕೆಲಸ ಮುಗಿಸುತ್ತಿದ್ದರು.

ಈ ಸಲದ ಆಯುಧಪೂಜೆಯಲ್ಲಿ ನಾನು ಮಾಡಿದ ತಪ್ಪನ್ನು ಬೇರೆಯವರ ಬಾಯಿಂದ ಕೇಳುವುದಕ್ಕಿಂತ ನನ್ನಿಂದಲೇ ಕೇಳು. ಒಂದು ಜೊತೆ ಅಳತೆ ಸಾಮಾನು, ಪರೀಕ್ಷೆಯ ಸಾಮಾನು, ಸದಸ್ಯರ ಪಟ್ಟಿ, ಎಲ್ಲವನ್ನೂ ಮೇಲಿನ ಕೇರಿಯ ಫಾತಿಮಾಬಿ ಮನೆಯಲ್ಲಿ ಇಟ್ಟಿದ್ದೆ. ಇಲ್ಲಿಯದು ಹೋದರೆ ಅಲ್ಲಿಯದು ಇರಲಿ ಎಂದು. ಪೂಜೆಯ ದಿನ ನನಗೇನು ದೆವ್ವ ಹೊಕ್ಕಿತ್ತೋ, ಅದೂ ದುಡಿಯುವ ಸಾಮಾನೇ, ಅದಕ್ಕೂ ಕುಂಕುಮ ಬೇಡವೇ ಎಂದು ಹೋಗಿ ತಂದೆ. ಫಾತಿಮಾಬಿಯೇ ತೊಳೆದು ಒರೆಸಿ ಕೊಟ್ಟಳು. ಜನರೇಟರು, ಕಂಪ್ಯೂಟರು, ಈ ಜೊತೆ, ಆ ಜೊತೆ, ಎಲ್ಲವನ್ನೂ ಒಂದೇ ಕೋಣೆಯಲ್ಲಿ ಸಾಲಾಗಿ ಇಟ್ಟು, ಬೂದುಗುಂಬಳ ಒಡೆದೆವು. ಪೂಜೆಗಿಟ್ಟದ್ದನ್ನು ಮಾರನೆಯ ದಿನ ಕದಲಿಸುವವರೆಗೆ ಮುಟ್ಟುವ ಹಾಗಿಲ್ಲವಲ್ಲ. ಬಾಗಿಲು ಎಳೆದುಕೊಂಡು ನಾನು ಐ.ಡಿ.ಹಳ್ಳಿಯ ತವರಿಗೆ ಬಸ್ಸು ಹತ್ತಿದೆ.

ಬೆಳಗಾಗುವಷ್ಟರಲ್ಲಿ ನಮ್ಮ ಕೆರೆ ಕೋಡಿ ಬಿದ್ದು, ಹಳ್ಳದ ನೀರು ಸಂಘದ ಕೋಣೆಯಲ್ಲಿ ಎದೆಮಟ್ಟ ನಿಂತಿತ್ತಂತೆ. ನನಗೆ ತವರಲ್ಲಿ ಅಷ್ಟು ಸುದ್ದಿ ಸಿಕ್ಕಿತು, ಆಮೇಲೆ ಯಾರಿಗೂ ಫೋನು ಹೋಗಲಿಲ್ಲ. ಬಸ್ಸು ಅರ್ಧ ದಾರಿಯಲ್ಲಿ ನಿಂತಿತು. ಹುಲಿಕುಂಟೆಯಿಂದ ಕೆಸರಲ್ಲಿ ನಡೆದೆ. ಎಲ್ಲವನ್ನೂ ನನ್ನ ಕೈಯಾರೆ ಒಂದೇ ಗುಂಡಿಗೆ ಹಾಕಿ ಬಂದೆನಲ್ಲ ಎಂದು ದಾರಿಯುದ್ದಕ್ಕೂ ಹಲ್ಲು ಕಚ್ಚಿದೆ. ಚೆಲ್ಲಿದ ಹಾಲು, ಬಿಳಿ ಪಂಚೆ, ಸಹಿ ಹಾಕುವ ಕಾಗದ, ಮತ್ತೇನು ಉಳಿದಿರುತ್ತದೆ?

ಮಧ್ಯಾಹ್ನ ಊರು ಸೇರಿದಾಗ ತಿಮ್ಮಕ್ಕ ಫಾತಿಮಾಬಿಯ ಜಗಲಿಯ ಮೇಲೆ ಕಾಲು ಚಾಚಿ ಕೂತಿದ್ದಳು. "ಬಂದ್ಯಾ? ಹಾಲು ಆಗ್ಲೇ ಶಿರಾಕ್ ಹೋಯ್ತು. ಟೀ ಕುಡಿ," ಎಂದಳು. ಆಮೇಲೆ ಕೇಳಿ ತಿಳಿದೆ. ನೀರು ಕಂಡ ಕೂಡಲೇ ಎಲ್ಲರೂ ಹಾಡಿನಲ್ಲಿದ್ದ ಹಾಗೆ ಮೇಲಿನ ಕೇರಿಗೆ ಹೋಗಿದ್ದಾರೆ. ಮನೆಮನೆಯಿಂದ ಕ್ಯಾನು, ಟೀ ಅಂಗಡಿಯಿಂದ ಲೀಟರ್ ಅಳತೆ ಬಂದಿದೆ. ಪರೀಕ್ಷೆಗೆ ಏನೂ ಇಲ್ಲದ್ದರಿಂದ ಒಬ್ಬೊಬ್ಬರ ಹಾಲನ್ನೂ ತೊಳೆದ ಔಷಧಿ ಬಾಟಲಿಗೆ ಸ್ವಲ್ಪ ಸ್ವಲ್ಪ ಹಿಡಿದು, ಫಾತಿಮಾಬಿ ಚೀಟಿ ಕಟ್ಟಿದ್ದಾಳೆ, ಶಿರಾದಲ್ಲೇ ನೋಡಿಕೊಳ್ಳಲಿ ಎಂದು. ದಿಬ್ಬ ಹತ್ತಿದರೆ ಒಂದಿಷ್ಟು ನೆಟ್‌ವರ್ಕ್ ಸಿಗುತ್ತಿತ್ತಂತೆ. ತಿಮ್ಮಕ್ಕ ಅಲ್ಲಿ ನಿಂತು ಹಾಡಿಕೊಂಡು ಆಟೋದವನ ನಂಬರು ಒತ್ತಿದ್ದಾಳೆ. "ಎಲ್ಡ್ ಕಿತ ತಪ್ಪೋಯ್ತು ಕಣೇ, ರಾಗ ಮೊದ್ಲಿಂದ ತಗಂಡೆ," ಎಂದಳು.

ಟೀ ಲೋಟ ಕೆಳಗಿಟ್ಟೆ, ಅಕ್ಕ. ಕುಣಿಯಬೇಕಾದವಳು ಮೂಲೆಯಲ್ಲಿ ಕೂತು ಅತ್ತೆ. ನಾನು ಇಲ್ಲದೆಯೂ ನಡೆಯಿತಲ್ಲ ಎಂದು. ನೀನು ಯಾಕೆ ಬರೆದುಕೊಡಲಿಲ್ಲ ಎಂಬುದು ಆಗ ಗೊತ್ತಾಯಿತು. ಗಂಡ ಸತ್ತ ಮೇಲೆ ನಿನ್ನನ್ನು ಬೆಳಗ್ಗೆ ಎದ್ದು ಹುಡುಕಿಕೊಂಡು ಬರುತ್ತಿದ್ದುದು ಆ ಸಂಘ ಒಂದೇ, ಅಲ್ಲವೇ? ಅರ್ಥವಾಯಿತು, ಕ್ಷಮಿಸಿಯೂ ಬಿಟ್ಟೆ. ಆದರೂ ನಿನ್ನದು ತಪ್ಪೇ. ಎದುರಿಗೆ ಬಂದು ನಿಂತರೂ ಇದೇ ಮಾತು ಹೇಳುತ್ತೇನೆ.

ಮಾರನೆಯ ಬೆಳಗ್ಗೆ ಪಕ್ಕದೂರಿನ ಅಧ್ಯಕ್ಷರು ಪಂಚೆ ಎತ್ತಿ ಕಟ್ಟಿ, ಕೆಸರು ದಾಟಿ, ಕಾಗದ ಹಿಡಿದುಕೊಂಡೇ ಬಂದರು. ಜಗಲಿಯ ಮೇಲೆ ಹಾಲು ಅಳೆಯುವುದು ನಡೆದಿತ್ತು. "ಇಲ್ಲಿ ನೋಡ್ಕೊಳೋರು ಯಾರಮ್ಮ?" ಎಂದರು. ನಾನು ಬಾಯಿ ತೆರೆದೆ. ತಿಮ್ಮಕ್ಕ ತಲೆ ಎತ್ತದೆಯೇ ಹೇಳಿದಳು, "ಯಾರ್ನಾದ್ರೂ ಕೇಳಿ ಸ್ವಾಮಿ, ಎಲ್ಲಾರ್ಗೂ ಗೊತ್ತು."

ಅವರು ಕಾಗದ ಮಡಚಿಕೊಂಡು ಹೋದರು. ನಿನಗೆ ತಿಳಿಸಬೇಕಾಗಿದ್ದದ್ದು ಇಷ್ಟೇ, ಗೌರಕ್ಕ. ನೀರು ನುಗ್ಗಿದ ಬೆಳಗ್ಗೆ ನೀನೂ ಇರಲಿಲ್ಲ, ನಾನೂ ಇರಲಿಲ್ಲ. ಒಂದು ಹನಿ ಹಾಲೂ ಚೆಲ್ಲಲಿಲ್ಲ.

ನಿನ್ನ
ನಾಗಮಣಿ