ಕೆಮ್ಮಿಲ್ಲದವಳ ಸಿರಪ್

ಮಾರ್ಚ್ ೧೨, ಮಂಗಳವಾರ

‘ದಣಿವೇ, ನೀನು ಯಾರ ನೆರಳು?’ ಎಂದೋ ಓದಿದ ಕವಿತೆಯ ಆ ಸಾಲು ಹೀಗೇ ಇತ್ತೇ? ನೆರಳಾಗಿದ್ದರೆ ದೀಪ ಆರಿಸಿದಾಗಲಾದರೂ ಹೋಗಬೇಕಿತ್ತಲ್ಲ.

ಮೂರು ವರ್ಷದ ಈ ಆಯಾಸಕ್ಕೆ ನಾಲ್ಕು ತಿಂಗಳಿಂದ ಕಫ ಕರಗಿಸುವ ಸಿರಪ್ ಕುಡಿಯುತ್ತಿದ್ದೇನೆ. ಇದರಿಂದ ಸುಸ್ತು ಹೋಗುತ್ತದೆ ಎನ್ನಲು ಆಧಾರವಿಲ್ಲ ಎಂದು ಡಾಕ್ಟರು ಹೇಳಿದಾಗಲೇ ಬಿಡಬೇಕಿತ್ತು. ಆದರೆ ಈ ಸಿರಪ್ ಸೂಚಿಸಿದ, ನನ್ನಂಥದೇ ಆಯಾಸ ಇರುವವರ ಫೋನಿನ ಗುಂಪಿನವರು, ‘ಸುಸ್ತು ಹೆಚ್ಚಾದ್ರೆ ಔಷಧ ಹಿಡಿದಿದೆ ಅಂತಲೇ ಅರ್ಥ’ ಎಂದಿದ್ದರು. ಇವತ್ತು ಮೆಟ್ಟಿಲ ನಡುವೆ ಕಾಲು ಸೋತು ಕುಸಿದು ಕೂತೆ, ಕೂತು ಖುಷಿಪಟ್ಟೆ. ಆ ಖುಷಿಯನ್ನು ನೆನೆದರೆ ಈಗ ಭಯವಾಗುತ್ತದೆ. ಇನ್ನೆಷ್ಟು ಕೆಟ್ಟರೆ ಗುಣವಾದಂತೆ?

ನನ್ನ ಚೀಲ ಎತ್ತಿಕೊಂಡು ಬಾಗಿಲವರೆಗೆ ಬಂದ ಪಕ್ಕದ ಮನೆಯ ಟೈಲರಮ್ಮ ಅದರೊಳಗಿನ ಬಾಟಲಿ ನೋಡಿದಳು.

“ಮತ್ತೆ ಇದೇನಾ ಅಕ್ಕಾ? ನಮ್ಮಿಬ್ಬರ ಮಧ್ಯೆ ಇರೋದು ಒಂದೇ ಗೋಡೆ. ನಾಲ್ಕು ತಿಂಗಳಲ್ಲಿ ನೀವು ಒಂದ್ಸಲನೂ ಕೆಮ್ಮಿದ್ದು ಕೇಳಿಲ್ಲ. ಅಳೋದಷ್ಟೇ ಕೇಳಿಸುತ್ತೆ.”